ಸತ್ತವರು ವಾಪಸ್ ಬಾರದ ಆಟ

ಡೊನೆಲ್ ಸತ್ತದ್ದು ಜುಲೈ ತಿಂಗಳ ಒಂದು ರಾತ್ರಿ, ಪುತ್ತೂರಿನಲ್ಲಿ. ಹೊರಗೆ ಕಿವಿ ಮುಚ್ಚುವಷ್ಟು ಮಳೆ. ಕರೆಂಟು ಹೋಗಿ ಒಂದು ಗಂಟೆಯಾಗಿತ್ತು. ನಾವು ಮೂವರು ಒಂದೇ ಚಾಪೆಯ ಮೇಲೆ ತಲೆಗೆ ತಲೆ ತಾಗಿಸಿಕೊಂಡು ಅಂಗೈಯಗಲದ ಸ್ಕ್ರೀನ್ ನೋಡುತ್ತಿದ್ದೆವು. ಎದುರಿನವನ ಕೈಯಲ್ಲಿ ಕೊಡಲಿ, ಏಟು ತಾಗುವ ಸಾಧ್ಯತೆ ಶೇಕಡಾ 38. "ತಾಗ್ಲಿಕ್ಕಿಲ್ಲ" ಎಂದೆ ನಾನು. ತಾಗಿತು.

ಡೊನೆಲ್ ಎಂದರೆ 'ಫೈರ್ ಎಂಬ್ಲೆಮ್: ಅವೇಕನಿಂಗ್' ಎಂಬ ವಿಡಿಯೋ ಗೇಮಿನ ಒಂದು ಪಾತ್ರ. ತಲೆಗೆ ಅಡುಗೆಯ ಪಾತ್ರೆ ಮಗುಚಿಕೊಂಡು ಯುದ್ಧಕ್ಕೆ ಬರುವ ಹಳ್ಳಿ ಹುಡುಗ. ಸೈನ್ಯಕ್ಕೆ ಸೇರುವಾಗ ಅವನಿಗೆ ಏನೂ ಬರುವುದಿಲ್ಲ. ಆದರೆ ತಾಳ್ಮೆಯಿಂದ ಬೆಳೆಸಿದರೆ ದೊಡ್ಡ ದೊಡ್ಡ ಸರದಾರರನ್ನು ಮೀರಿಸುತ್ತಾನೆ. ನಾವು ಅವನನ್ನು ಮೂರು ವಾರ ಬೆಳೆಸಿದ್ದೆವು. ಅವನನ್ನು ಕಾಡಿನ ಚೌಕದಲ್ಲಿ ನಿಲ್ಲಿಸುವ ಬದಲು ಪಕ್ಕದ ಬಯಲಿನಲ್ಲಿ ನಿಲ್ಲಿಸಿದ್ದು ನಾನು. ಕಾಡಿನಲ್ಲಿದ್ದರೆ ಏಟು ತಪ್ಪುವ ಸಾಧ್ಯತೆ ಹೆಚ್ಚು. ಜತೆಗೆ ಈ ಆಟದಲ್ಲಿ ಈಟಿಯವನಿಗೆ ಕೊಡಲಿಯವನೆಂದರೆ ಆಗುವುದಿಲ್ಲ. ಇದೆಲ್ಲ ಗೊತ್ತಿದ್ದೂ ಅವಸರ ಮಾಡಿದ್ದೆ.

"ಆಫ್ ಮಾಡು, ಬೇಗ ಆಫ್ ಮಾಡು" ಎಂದು ಕಡಬದವ ಕೈ ಚಾಚಿದ. ಆಫ್ ಮಾಡಿದರೆ ಆ ಅಧ್ಯಾಯ ಮೊದಲಿನಿಂದ ಶುರು, ಡೊನೆಲ್ ಮತ್ತೆ ಜೀವಂತ.

ಸುಳ್ಯದವ ಅವನ ಕೈ ಹಿಡಿದ. "ಬೇಡ ಮಾರಾಯ. ಹೋದ ಅಂದ್ರೆ ಹೋದ. ಮುಂದೆ ಆಡು."

ನಮ್ಮ ಹೆಸರುಗಳಿಗೆ ಇಲ್ಲಿ ಕೆಲಸವಿಲ್ಲ. ಕಾಲೇಜಿನಲ್ಲೂ ನಾವು ಹಾಗೆಯೇ ಇದ್ದೆವು: ಪುತ್ತೂರು, ಸುಳ್ಯ, ಕಡಬ. ಬಿಸಿಎ ತರಗತಿಯ ಕೊನೆಯ ಬೆಂಚಿನ ಮೂರು ತಾಲೂಕುಗಳು. ಕಡಬಕ್ಕೆ ತಾಲೂಕಿನ ಬೋರ್ಡು ಬಿದ್ದು ಆಗ ಹೆಚ್ಚು ಸಮಯ ಆಗಿರಲಿಲ್ಲವಾದ್ದರಿಂದ ಅವನನ್ನು 'ಹೊಸ ತಾಲೂಕು' ಎಂದು ಗೋಳು ಹೊಯ್ದುಕೊಳ್ಳುವುದು ನಿತ್ಯದ ಕೆಲಸ. ಅವರಿಬ್ಬರದ್ದು ಬಸ್ ಸ್ಟ್ಯಾಂಡಿನಿಂದ ಹತ್ತು ನಿಮಿಷ ದೂರದಲ್ಲಿ ಬಾಡಿಗೆ ರೂಮು. ನನಗೆ ಮನೆ ಹತ್ತಿರವೇ ಇದ್ದರೂ 'ಕಂಬೈನ್ಡ್ ಸ್ಟಡಿ' ಎಂಬ ಪವಿತ್ರ ಶಬ್ದ ಇತ್ತಲ್ಲ. ಆಟದ ಯಂತ್ರ, ಅಂದರೆ ನಿಂಟೆಂಡೊ 3ಡಿಎಸ್, ದುಬೈಯಲ್ಲಿರುವ ನನ್ನ ದೊಡ್ಡಮ್ಮನ ಮಗನದ್ದು. ಅಣ್ಣ ರಜೆಯಲ್ಲಿ ಬಂದಾಗ "ನಂಗೆ ಈಗ ಪುರ್ಸೊತ್ತಿಲ್ಲ, ನೀನು ಇಟ್ಕೊ" ಎಂದು ಕೊಟ್ಟು ಹೋಗಿದ್ದ. ಒಳಗೆ ಇದ್ದದ್ದು ಒಂದೇ ಕ್ಯಾಟ್ರಿಡ್ಜ್.

ಮೊಬೈಲಿನಲ್ಲಿ ಪಬ್ಜಿ ಆಡಿ, ಅದು 2020ರ ಸೆಪ್ಟೆಂಬರಿನಲ್ಲಿ ಬ್ಯಾನ್ ಆದಾಗ ಅರ್ಧ ಊರಿನ ಹಾಗೆ ನಾವೂ ಶೋಕಾಚರಣೆ ಮಾಡಿದವರು. ನಮಗೆ ಈ ಆಟ ಮೊದಲು ತೀರಾ ನಿಧಾನ ಎನಿಸಿತು. ಚದುರಂಗದ ಹಾಗೆ ಚೌಕಗಳು. ನಿಮ್ಮ ಸರದಿಯಲ್ಲಿ ನಿಮ್ಮವರನ್ನೆಲ್ಲ ನಡೆಸಬೇಕು, ಅನಂತರ ಎದುರಾಳಿಯ ಸರದಿ. ಕತ್ತಿ ಕೊಡಲಿಯನ್ನು ಸೋಲಿಸುತ್ತದೆ, ಕೊಡಲಿ ಈಟಿಯನ್ನು, ಈಟಿ ಕತ್ತಿಯನ್ನು. ವ್ಯತ್ಯಾಸ ಎಲ್ಲಿ ಎಂದರೆ, ಚದುರಂಗದ ಕಾಲಾಳಿಗೆ ಹೆಸರಿಲ್ಲ. ಇಲ್ಲಿ ಪ್ರತಿಯೊಬ್ಬನಿಗೂ ಹೆಸರು, ಮುಖ, ಮನೆ, ಗೆಳೆಯರು ಎಲ್ಲ ಉಂಟು. ಸತ್ತರೆ ಆ ಹೆಸರು ಪಟ್ಟಿಯಿಂದ ಹೋಗುತ್ತದೆ, ಆಟ ಮುಗಿಯುವವರೆಗೂ ವಾಪಸ್ ಬರುವುದಿಲ್ಲ.

ಡೊನೆಲ್ ಹೋದ ಮೇಲೆ ಈ ನಿಯಮ ಮಾಡಿದ ಪುಣ್ಯಾತ್ಮ ಯಾರು ಎಂದು ಹುಡುಕಲು ಹೊರಟೆ. ಪರೀಕ್ಷೆಗೆ ಓದಬೇಕಾದ ಒಂದು ತಿಂಗಳು ಅದರಲ್ಲೇ ಹೋಯಿತು. ನನ್ನ ಐದನೇ ಸೆಮಿಸ್ಟರಿನ ಅಂಕಪಟ್ಟಿ ನೋಡಿದವರಿಗೆ ಅದು ಗೊತ್ತಾಗುತ್ತದೆ.

ಅವರ ಹೆಸರು ಶೌಝೊ ಕಾಗಾ. ಜಪಾನಿನ ಇಂಟೆಲಿಜೆಂಟ್ ಸಿಸ್ಟಮ್ಸ್ ಎಂಬ ಸಂಸ್ಥೆಯಲ್ಲಿದ್ದವರು. ಆ ಸಂಸ್ಥೆ 1988ರಲ್ಲಿ 'ಫ್ಯಾಮಿಕಾಮ್ ವಾರ್ಸ್' ಎಂಬ ಯುದ್ಧದ ಆಟ ಮಾಡಿತ್ತು. ಅದರಲ್ಲಿ ಟ್ಯಾಂಕು, ಸೈನಿಕರು ಕಾರ್ಖಾನೆಯಿಂದ ಬರುತ್ತಿದ್ದರು. ಹತ್ತು ಸತ್ತರೆ ಮತ್ತೆ ಹತ್ತು ತಯಾರು. ಕಾಗಾ ಆ ಚೌಕದ ಯುದ್ಧಕ್ಕೆ ಕಥೆಯಿರುವ ಮನುಷ್ಯರನ್ನು ತಂದು ಕೂರಿಸಿದರು. 1990ರ ಏಪ್ರಿಲ್ 20ರಂದು ನಿಂಟೆಂಡೊದ ಫ್ಯಾಮಿಕಾಮ್ ಯಂತ್ರಕ್ಕೆ ಮೊದಲ 'ಫೈರ್ ಎಂಬ್ಲೆಮ್' ಬಂತು. ರಾಜ್ಯ ಕಳೆದುಕೊಂಡ ಮಾರ್ಥ್ ಎಂಬ ರಾಜಕುಮಾರ, 25 ಅಧ್ಯಾಯ, ದಾರಿಯಲ್ಲಿ ಸೇರಿಕೊಳ್ಳುವ ಸುಮಾರು ಐವತ್ತು ಮಂದಿ. ಯಾರು ಉಳಿಯುತ್ತಾರೆ ಎನ್ನುವುದು ನಿಮ್ಮ ಕೈಯಲ್ಲಿ. ಚಿತ್ರಗಳು ಆ ಕಾಲಕ್ಕೂ ಸಪ್ಪೆ. ಮೊದಮೊದಲು ಮಾರಾಟವೂ ಚುರುಕಿರಲಿಲ್ಲ. ಆಡಿದವರು ಇನ್ನೊಬ್ಬರಿಗೆ ಹೇಳಿ, ಅವರು ಮತ್ತೊಬ್ಬರಿಗೆ ಹೇಳಿ ಆಟ ನಿಂತಿತು. ಜಪಾನಿನ ಹೊರಗೆ ಮೂವತ್ತು ವರ್ಷ ಅದು ಅಧಿಕೃತವಾಗಿ ಸಿಗಲೇ ಇಲ್ಲ. ಇಂಗ್ಲಿಷಿನಲ್ಲಿ ಬಂದದ್ದು 2020ರ ಡಿಸೆಂಬರಿನಲ್ಲಿ, ಅದೂ ಕೆಲವೇ ತಿಂಗಳ ಮಾರಾಟಕ್ಕೆ.

ಆ ಮೊದಲ ಆಟದಲ್ಲಿ ಒಂದು ವಿಷಯ ಓದಿ ನಾನು ರೂಮಿನಲ್ಲಿ ಎದ್ದು ಕೂತೆ. ಸತ್ತವರು ಬರುವುದಿಲ್ಲ ಎಂಬ ನಿಯಮಕ್ಕೆ ಕಾಗಾ ಒಂದೇ ಒಂದು ಕಿಂಡಿ ಬಿಟ್ಟಿದ್ದಾರೆ. ಕೊನೆಕೊನೆಗೆ ಒಂದು ದಂಡ ಸಿಗುತ್ತದೆ. ಅದನ್ನು ಹಿಡಿಯಬಲ್ಲವಳು ಮಾರ್ಥನ ಅಕ್ಕ ಒಬ್ಬಳೇ. ಒಂದು ಸಲ, ಒಬ್ಬರನ್ನು ಮಾತ್ರ ಬದುಕಿಸಬಹುದು. ಆ ದಂಡದ ಹೆಸರು 'ಓಂ'. ಜಪಾನಿಗೆ ನಮ್ಮ ಓಂಕಾರ ಹೋದ ದಾರಿ ದೊಡ್ಡದು, ಅದು ಬೇರೆಯೇ ಲೇಖನ. ನಾವಂತೂ ಆ ರಾತ್ರಿಯಿಡೀ ಯಾರನ್ನು ಬದುಕಿಸುವುದು ಎಂದು ಜಗಳ ಮಾಡಿದೆವು. ನಮ್ಮ ಆಟದಲ್ಲಿ ಆ ದಂಡವೇ ಇಲ್ಲ ಎನ್ನುವುದನ್ನು ಮರೆತು.

ಇಂಥ ಹುಚ್ಚು ಜಪಾನಿನವರಿಗೆ ಮಾತ್ರ ಎಂದುಕೊಳ್ಳಬೇಡಿ. ಚದುರಂಗ ಹುಟ್ಟಿದ್ದೇ ನಮ್ಮ ದೇಶದಲ್ಲಿ, ಅದರ ವಂಶದ್ದೇ ಜಪಾನಿನ ಶೋಗಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಹತ್ತೊಂಬತ್ತನೇ ಶತಮಾನದಲ್ಲಿ ಮಣೆಯಾಟಗಳನ್ನು ಹೊಸದಾಗಿ ಕಟ್ಟುತ್ತಾ, ಇಡೀ ಹಲಗೆಯನ್ನು ಕುದುರೆ ಒಮ್ಮೆ ಮಾತ್ರ ಮೆಟ್ಟಿ ಸುತ್ತುವ ಒಗಟಿಗೆ ಉತ್ತರ ಹುಡುಕುತ್ತಾ ಕೂತಿದ್ದರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗಾಗಿ ಇದೆ. ರಾಜ್ಯಭಾರ ಬ್ರಿಟಿಷರ ಕೈಗೆ ಹೋದ ಮೇಲೆ ರಾಜನೊಬ್ಬ ಚೌಕದ ಮೇಲಿನ ಯುದ್ಧದಲ್ಲಿ ತಲೆ ಹುದುಗಿಸಿದ್ದು ನನಗೆ ಅರ್ಥವಾಗುತ್ತದೆ. ಇಂಟರ್‌ವ್ಯೂ ಇಲ್ಲದ ವಾರಗಳಲ್ಲಿ ನಾನೂ ಅದನ್ನೇ ಮಾಡಿದ್ದೇನೆ.

ಎರಡನೆಯ ಆಟ 1992ರಲ್ಲಿ, ಮೂರನೆಯದ್ದು 1994ರಲ್ಲಿ. ನಿಂತು ಮಾತಾಡಬೇಕಾದದ್ದು 1996ರ ನಾಲ್ಕನೆಯದರ ಬಗ್ಗೆ, 'ಜೀನಿಯಾಲಜಿ ಆಫ್ ದ ಹೋಲಿ ವಾರ್'. ನಾನು ಇದನ್ನು ಆಡಿಲ್ಲ, ಆಡಿದವರ ವಿಡಿಯೋ ನೋಡಿದ್ದೇನೆ. ಇದಕ್ಕೆ ಅಧಿಕೃತ ಇಂಗ್ಲಿಷ್ ರೂಪ ಬರಲಿಲ್ಲ, ಅಭಿಮಾನಿಗಳೇ ಕೂತು ಅನುವಾದ ಮಾಡಿದ್ದಾರೆ. ಕತ್ತಿ, ಈಟಿ, ಕೊಡಲಿಯ ತ್ರಿಕೋನ ಹುಟ್ಟಿದ್ದು ಇಲ್ಲಿಯೇ. ಆದರೆ ದೊಡ್ಡ ವಿಷಯ ಅದಲ್ಲ. ಸಿಗರ್ಡ್ ಎಂಬ ನಾಯಕನನ್ನು ಅರ್ಧ ಆಟದವರೆಗೆ ನಡೆಸುತ್ತೀರಿ, ಅವನ ಜತೆಯವರಿಗೆ ಮದುವೆ ಮಾಡಿಸುತ್ತೀರಿ. ಗೆದ್ದು ರಾಜಧಾನಿಗೆ ಬಂದ ದಿನ ಸನ್ಮಾನದ ನೆಪದಲ್ಲಿ ಕರೆದು ಮೋಸದಿಂದ ಅವರನ್ನು ಬೆಂಕಿಗೆ ಆಹುತಿ ಕೊಡುತ್ತಾರೆ. ನೀವು ಎಷ್ಟು ಚೆನ್ನಾಗಿ ಆಡಿದ್ದರೂ ಇದು ತಪ್ಪುವುದಿಲ್ಲ. ಕೆಲವು ವರ್ಷ ಕಳೆದು ಕಥೆ ಮತ್ತೆ ಶುರುವಾಗುವಾಗ ಹಲಗೆಯ ಮೇಲಿರುವುದು ಅವರ ಮಕ್ಕಳು. ಯಾರಿಗೆ ಯಾರನ್ನು ಜೊತೆ ಮಾಡಿದ್ದಿರೋ ಅದಕ್ಕೆ ಸರಿಯಾಗಿ ಮಕ್ಕಳಿಗೆ ಶಕ್ತಿ, ಆಯುಧ.

ಇದನ್ನು ಕೇಳಿದ ಕೂಡಲೇ ಸುಳ್ಯದವ ಹೇಳಿದ್ದು, "ಇದು ನಮ್ಮ ಪಾಡ್ದನದ ಹಾಗೆ ಉಂಟಲ್ಲ ಮಾರಾಯ." ನಮ್ಮ ಮೂರು ತಾಲೂಕಿನಲ್ಲಿ ಹುಟ್ಟಿದವರಿಗೆ ಕೋಟಿ-ಚೆನ್ನಯರ ಕಥೆ ಹೇಳಿಕೊಡಬೇಕಾಗಿಲ್ಲ. ದೇಯಿ ಬೈದೆತಿ ಪಡುಮಲೆ ಬಲ್ಲಾಳನ ಕಾಲಿನ ಗಾಯ ಗುಣಪಡಿಸಿದ್ದು, ಕೊಟ್ಟ ಮಾತು ಮಕ್ಕಳ ಕಾಲಕ್ಕೆ ಮುರಿದದ್ದು, ಅವಳಿ ವೀರರು ಪಡುಮಲೆ ಬಿಟ್ಟು ಪಂಜಕ್ಕೆ, ಪಂಜದಿಂದ ಎಣ್ಮೂರಿಗೆ ಹೋದದ್ದು, ಕೊನೆಯ ಯುದ್ಧದಲ್ಲಿ ಕೋಟಿ ಬಿದ್ದ ಮೇಲೆ ಚೆನ್ನಯನೂ ಉಳಿಯದೆ ಹೋದದ್ದು. ಪಡುಮಲೆ, ಪಂಜ, ಎಣ್ಮೂರು: ಮೂರು ಬೀಡು, ಮೂವರು ಬಲ್ಲಾಳರು. ಗರಡಿಯಲ್ಲಿ ಕೈಮುಗಿಯುವ ದೈವಗಳನ್ನು ಆಟದ ಗೊಂಬೆಗೆ ಹೋಲಿಸುತ್ತಿಲ್ಲ, ಹಾಗೆ ಓದಬೇಡಿ. ತಾಯಿಗೆ ಸಲ್ಲಬೇಕಾದದ್ದು ಸಲ್ಲದಿದ್ದರೆ ಆ ಲೆಕ್ಕ ಮಕ್ಕಳ ತಲೆಗೆ ಬರುತ್ತದೆ ಎಂಬುದನ್ನು ಕೇಳಿಯೇ ಬೆಳೆದ ನಮಗೆ ಜಪಾನಿನ ಈ ಆಟ ಪರಕೀಯ ಅನ್ನಿಸಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

1999ರ 'ಥ್ರೇಸಿಯಾ 776' ಸರಣಿಯಲ್ಲೇ ಕಠಿಣ ಎಂಬ ಹೆಸರು ಪಡೆದದ್ದು. ಅದರಲ್ಲಿ ಆಯಾಸದ ಲೆಕ್ಕ ಇಟ್ಟಿದ್ದರು. ಒಬ್ಬನನ್ನೇ ದುಡಿಸಿ ದುಡಿಸಿ ಸುಸ್ತು ಮಾಡಿದರೆ ಮುಂದಿನ ಅಧ್ಯಾಯಕ್ಕೆ ಅವನು ಬರುವುದಿಲ್ಲ. ನಮ್ಮಲ್ಲಿ ಕೆಲವು ಕಂಪೆನಿಯವರು ಇದನ್ನು ಒಮ್ಮೆ ಆಡಬೇಕು. ಅದರ ಬೆನ್ನಿಗೇ ಕಾಗಾ ಸಂಸ್ಥೆ ಬಿಟ್ಟರು. ಹೊರಗೆ ಹೋಗಿ 2001ರಲ್ಲಿ ಪ್ಲೇಸ್ಟೇಷನ್‌ಗೆ 'ಟಿಯರ್ ರಿಂಗ್ ಸಾಗಾ' ಮಾಡಿದಾಗ, ಇದು ನಮ್ಮ ಆಟದ ನಕಲು ಎಂದು ನಿಂಟೆಂಡೊ ಕೋರ್ಟಿಗೆ ಹೋಯಿತು. ತಾನೇ ಹುಟ್ಟಿಸಿದ್ದರ ಹಾಗೆ ಇನ್ನೊಂದನ್ನು ಮಾಡಿದ್ದಕ್ಕೆ ಮೊಕದ್ದಮೆ. ನನ್ನ ಪ್ರಕಾರ ಈ ಸರಣಿಯ ಅತ್ಯಂತ ಬೇಸರದ ಅಧ್ಯಾಯ ಆಟದ ಒಳಗೆ ಇಲ್ಲ.

ಆಮೇಲಿನದ್ದು ವಿಚಿತ್ರ ಅದೃಷ್ಟದ ಕಥೆ. 2001ರಲ್ಲಿ ನಿಂಟೆಂಡೊದ 'ಸೂಪರ್ ಸ್ಮ್ಯಾಶ್ ಬ್ರದರ್ಸ್ ಮೆಲೇ' ಎಂಬ ಹೊಡೆದಾಟದ ಆಟ ಬಂತು. ಅದರಲ್ಲಿ ಮಾರಿಯೊ ಮುಂತಾದವರ ಜತೆ ಮಾರ್ಥ್ ಮತ್ತು ರಾಯ್ ಎಂಬ ಇಬ್ಬರು ಕತ್ತಿ ಹಿಡಿದು ನಿಂತಿದ್ದರು. ಅಮೆರಿಕದ ಹುಡುಗರಿಗೆ ಇವರು ಯಾರೆಂದೇ ಗೊತ್ತಿಲ್ಲ. ರಾಯ್‌ನ ಸ್ವಂತ ಆಟ ಜಪಾನಿನಲ್ಲೇ ಇನ್ನೂ ಬಂದಿರಲಿಲ್ಲ, ಅದು ಬಂದದ್ದು 2002ರಲ್ಲಿ. ಇವರು ಯಾವ ಆಟದವರು ಎಂಬ ಕುತೂಹಲ ಬಾಗಿಲು ತೆರೆಯಿತು. 2003ರಲ್ಲಿ ಗೇಮ್ ಬಾಯ್ ಅಡ್ವಾನ್ಸ್‌ಗೆ ಬಂದ ಏಳನೆಯ ಆಟ ಮೊದಲ ಬಾರಿಗೆ ಜಪಾನಿನ ಹೊರಗೆ ಬಂತು, ಬರಿಯ 'ಫೈರ್ ಎಂಬ್ಲೆಮ್' ಎಂಬ ಹೆಸರಿನಲ್ಲಿ. ಹೊಸಬರಿಗಾಗಿ ಲಿನ್ ಎಂಬ ಹುಡುಗಿಯ ಕಥೆಯ ಮೂಲಕ ಹಂತ ಹಂತವಾಗಿ ಆಟ ಕಲಿಸಿಕೊಡುತ್ತದೆ. 2005ರ 'ಪಾತ್ ಆಫ್ ರೇಡಿಯನ್ಸ್'ನ ನಾಯಕ ಐಕ್ ರಾಜಕುಮಾರನಲ್ಲ, ಕೂಲಿಗೆ ಯುದ್ಧ ಮಾಡುವವನ ಮಗ. ನನಗೆ ಅವನೇ ಇಷ್ಟ.

ಆದರೆ ಮಾರಾಟ ಇಳಿಯುತ್ತಾ ಹೋಯಿತು. ಎರಡೂವರೆ ಲಕ್ಷ ಪ್ರತಿ ಹೋಗದಿದ್ದರೆ ಇದೇ ಕೊನೆಯ ಆಟ ಎಂದು ಮೇಲಿನವರು ಹೇಳಿದ್ದರೆಂದು ಮಾಡಿದವರೇ ಆಮೇಲೆ ಹೇಳಿಕೊಂಡಿದ್ದಾರೆ. ಹೇಗಿದ್ದರೂ ಕೊನೆಯದ್ದು ಎಂದು ಇದ್ದಬದ್ದ ಆಲೋಚನೆಗಳನ್ನೆಲ್ಲ ತುಂಬಿ ಮಾಡಿದ್ದು 2012ರ 'ಅವೇಕನಿಂಗ್'. ಮದುವೆ, ಮಕ್ಕಳು, ಇಬ್ಬರು ಜೋಡಿಯಾಗಿ ಹೋರಾಡುವುದು, ಜತೆಗೆ ತಲೆಗೆ ಪಾತ್ರೆ ಕವುಚಿಕೊಂಡ ನಮ್ಮ ಡೊನೆಲ್. ಕೇಳಿದ್ದರ ಹಲವು ಪಟ್ಟು ಮಾರಾಟವಾಗಿ ಸರಣಿ ಬದುಕಿತು.

ಬದುಕಿದ್ದಕ್ಕೆ ಒಂದು ಕಾರಣ 'ಕ್ಯಾಶುವಲ್' ಎಂಬ ಆಯ್ಕೆ. 2010ರ ಜಪಾನಿ ಆಟದಲ್ಲಿ ಶುರುವಾಗಿ ಇದರಲ್ಲಿ ಜಗತ್ತಿಗೆಲ್ಲ ಸಿಕ್ಕಿತು. ಕ್ಯಾಶುವಲ್ ಹಾಕಿದರೆ ಬಿದ್ದವರು ಆ ಯುದ್ಧ ಮುಗಿದ ಮೇಲೆ ಎದ್ದು ಬರುತ್ತಾರೆ. 'ಕ್ಲಾಸಿಕ್' ಹಾಕಿದರೆ ಹಳೆಯ ನಿಯಮ. 2015ರ 'ಫೇಟ್ಸ್'ನಲ್ಲಿ ಇನ್ನೂ ಮುಂದೆ ಹೋಗಿ, ಬಿದ್ದವನು ಮುಂದಿನ ಸರದಿಯಲ್ಲೇ ಎದ್ದು ನಿಲ್ಲುವ 'ಫೀನಿಕ್ಸ್' ಕೊಟ್ಟರು. ಹಳಬರು ಸಿಟ್ಟಾದರು. ಹೊಸಬರು ಮಾತ್ರ ಲಕ್ಷಗಟ್ಟಲೆ ಬಂದರು.

ನಮ್ಮಲ್ಲೂ ಇದೇ ಜಗಳ. ಕಡಬದವ ಕ್ಯಾಶುವಲ್ ಪಕ್ಷ: "ದಿನಾ ಸಾಯ್ಲಿಕ್ಕೆ ಕಾಲೇಜ್ ಉಂಟಲ್ಲ, ಇಲ್ಲಿಯೂ ಯಾಕೆ?" ಸುಳ್ಯದವ ಪಕ್ಕಾ ಕ್ಲಾಸಿಕ್. ನಾನು ಬಾಯಲ್ಲಿ ಕ್ಲಾಸಿಕ್, ಆದರೆ ಯಾರೂ ನೋಡದಾಗ ಆಫ್ ಮಾಡಿ ಆನ್ ಮಾಡುವವ. ಈ ಜಗಳ ಒಮ್ಮೆ ಕಡಬದವನ ಅಜ್ಜಿಮನೆಯವರೆಗೂ ಹೋಯಿತು. ಆಟಿ ತಿಂಗಳು, ಚಾವಡಿಯಲ್ಲಿ ಅಜ್ಜಿ ಚೆನ್ನೆಮಣೆ ಇಟ್ಟುಕೊಂಡು ಮೊಮ್ಮಗಳ ಜತೆ ಆಡುತ್ತಿದ್ದರು. ಹದಿನಾಲ್ಕು ಗುಳಿ, ಗುಳಿಗೆ ನಾಲ್ಕು ಕಾಯಿ. ಪಕ್ಕದಲ್ಲಿ ಅವಳ ತಂಗಿ ಮುಖ ಊದಿಸಿ ಕೂತಿದ್ದಳು. "ಅಕ್ಕ ತಂಗಿ ಒಟ್ಟಿಗೆ ಚೆನ್ನೆ ಆಡ್ಲಿಕ್ಕಿಲ್ಲ" ಎಂದರು ಅಜ್ಜಿ. ಅದಕ್ಕೆ ಕಾರಣ ಸಿರಿಯ ಪಾಡ್ದನದಲ್ಲಿದೆ. ಅಬ್ಬಗ-ದಾರಗ ಎಂಬ ಅವಳಿ ಹುಡುಗಿಯರು ಚೆನ್ನೆ ಆಡುತ್ತಾ ಜಗಳವಾಗಿ, ಒಬ್ಬಳು ಮಣೆಯಿಂದಲೇ ಇನ್ನೊಬ್ಬಳಿಗೆ ಹೊಡೆದು, ಅವಳು ಸತ್ತು, ಹೊಡೆದವಳು ಬಾವಿಗೆ ಹಾರುತ್ತಾಳೆ. ಅಜ್ಜಿ ಈ ಕಥೆಯನ್ನು ಒಂದು ಗುಳಿಯ ಕಾಯಿ ಬಿತ್ತಿ ಮುಗಿಸುವಷ್ಟರಲ್ಲಿ ಹೇಳಿ ಮುಗಿಸಿದರು. ಆಮೇಲೆ ನಮ್ಮ ಕೈಯಲ್ಲಿದ್ದುದನ್ನು ನೋಡಿ ಕೇಳಿದರು, "ನಿಮ್ಮದರಲ್ಲಿ ಸತ್ತವರು ಬರ್ತಾರಾ?"

"ನಾನು ಆಡಿದ್ರೆ ಬರ್ತಾರೆ ಅಜ್ಜಿ" ಎಂದ ಕಡಬದವ.

"ಹಾಗಾದ್ರೆ ಆಡಿ" ಎಂದರು.

ಮುಂದಿನ ಆಟಗಳು ಈ ಜಗಳಕ್ಕೆ ಮಧ್ಯದ ದಾರಿ ಹುಡುಕಿದವು. 1992ರ ಎರಡನೇ ಆಟವನ್ನು 2017ರಲ್ಲಿ 'ಎಕೋಸ್' ಎಂದು ಹೊಸದಾಗಿ ಮಾಡಿದಾಗ, ಕಾಲವನ್ನು ಕೆಲವು ಹೆಜ್ಜೆ ಹಿಂದೆ ತಿರುಗಿಸುವ ಒಂದು ಚಕ್ರ ಕೊಟ್ಟರು. ತಪ್ಪಾಯಿತು ಅನ್ನಿಸಿದರೆ ತಿರುಗಿಸಬಹುದು, ಆದರೆ ಇಷ್ಟೇ ಸಲ ಎಂಬ ಮಿತಿ. ಬುದ್ಧಿವಂತ ಆಲೋಚನೆ. ಯಂತ್ರ ಆಫ್ ಮಾಡಿ ಕಳ್ಳತನದಿಂದ ಮಾಡುತ್ತಿದ್ದುದನ್ನು ಆಟದ ನಿಯಮದೊಳಗೇ ತಂದು ಲೆಕ್ಕ ಇಟ್ಟರು. ಅದೇ ವರ್ಷ ಮೊಬೈಲಿಗೆ 'ಹೀರೋಸ್' ಬಂತು. ಅದರಲ್ಲಿ ನಾಲ್ಕೇ ಜನರ ತಂಡ, ಪಾತ್ರಗಳನ್ನು ಲಾಟರಿಯ ಹಾಗೆ ಎತ್ತುವುದು. ದುಡ್ಡು ಅದರಲ್ಲೇ ಹೆಚ್ಚು. ನನಗೆ ಅದರ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ.

2019ರ ಜುಲೈಯಲ್ಲಿ ಸ್ವಿಚ್ ಯಂತ್ರಕ್ಕೆ ಬಂದ 'ತ್ರೀ ಹೌಸಸ್' ಸರಣಿಯಲ್ಲೇ ಹೆಚ್ಚು ಮಾರಾಟವಾದದ್ದು. ಅಣ್ಣ ಮುಂದಿನ ಸಲ ರಜೆಯಲ್ಲಿ ಬಂದಾಗ ಅವನ ಸ್ವಿಚ್‌ನಲ್ಲಿ ಇಪ್ಪತ್ತು ದಿನ ಆಡಿದ್ದೆ. ಇದರಲ್ಲಿ ನೀವು ಒಂದು ಮಠದ ಶಾಲೆಯ ಮೇಷ್ಟ್ರು. ಮೂರು ರಾಜ್ಯಗಳಿಂದ ಬಂದ ಮಕ್ಕಳ ಮೂರು ಮನೆಗಳು, ಒಂದನ್ನು ಆರಿಸಿಕೊಳ್ಳಬೇಕು. ಅರ್ಧ ಆಟ ಪಾಠ, ಊಟ, ಚಹಾ, ಮೀನು ಹಿಡಿಯುವುದು. ಎಲ್ಲ ಮನೆಯ ಮಕ್ಕಳೂ ಪರಿಚಯವಾಗುತ್ತಾರೆ. ಐದು ವರ್ಷ ಕಳೆದು ಯುದ್ಧವಾಗುವಾಗ ಎದುರು ಪಾಳೆಯದಲ್ಲಿ ನಿಂತಿರುವುದು ನಿಮ್ಮ ಜತೆ ಚಹಾ ಕುಡಿದ ಅದೇ ಮಕ್ಕಳು. ಇಲ್ಲಿಯೂ ಕಾಲ ಹಿಂದೆ ತಿರುಗಿಸುವ ಶಕ್ತಿ ಉಂಟು. ಆದರೆ ಎದುರು ಪಾಳೆಯದ ಹುಡುಗನನ್ನು ಕೊಂದ ಮೇಲೆ ಎಷ್ಟು ಹಿಂದೆ ತಿರುಗಿಸಿದರೂ ಅವನು ಅಲ್ಲೇ ಎದುರಿಗೆ ನಿಂತಿರುತ್ತಾನೆ. ತಪ್ಪಿದ್ದು ಇಪ್ಪತ್ತು ಗಂಟೆ ಮೊದಲು, ಮನೆ ಆರಿಸಿದ ದಿನ. ಕ್ಯಾಶುವಲ್ ಬಂದು ಸಾವಿನ ತೂಕ ಹೋಯಿತು ಎನ್ನುವವರಿಗೆ ನಾನು ಇದನ್ನೇ ಹೇಳುವುದು. ಅದು ಹೋಗಿಲ್ಲ, ಬೇರೆ ಕಡೆ ಹೋಗಿ ಕೂತಿದೆ. 2023ರ 'ಎಂಗೇಜ್' ಹಳೆಯ ನಾಯಕರನ್ನೆಲ್ಲ ಉಂಗುರಗಳಲ್ಲಿ ವಾಪಸ್ ತಂದ ಹಬ್ಬದಂಥ ಆಟ, ಯುದ್ಧ ಬಹಳ ಚೆನ್ನ, ಕಥೆ ಅಷ್ಟಕ್ಕಷ್ಟೇ.

ಕೊನೆಯ ಸೆಮಿಸ್ಟರಿನಲ್ಲಿ ಒಮ್ಮೆ ಸುಳ್ಯದವನ ಮನೆಗೆ ಹೋಗಿದ್ದೆವು. ಸುಳ್ಯದವ ಎಂದರೂ ಮನೆ ಇರುವುದು ಸಂಪಾಜೆ ಕಡೆಗೆ, ಘಟ್ಟದ ಬುಡದಲ್ಲಿ. ಅಡಿಕೆಯ ಹಳದಿ ಎಲೆ ರೋಗದ ಬಗ್ಗೆ ಪೇಪರಿನಲ್ಲಿ ಓದಿದ್ದೆ. ತೋಟ ನೋಡಿದ್ದು ಅದೇ ಮೊದಲು. ಹಸಿರು ಇರಬೇಕಾದ ಕಡೆ ಹಳದಿ, ಕೆಲವು ಮರಗಳಲ್ಲಿ ಸೋಗೆಯೇ ಇಲ್ಲ, ಬರೀ ಕಂಬ. ಫೈಟೋಪ್ಲಾಸ್ಮಾ ಎಂಬ ಕಣ್ಣಿಗೆ ಕಾಣದ ಜೀವಿಯಿಂದ ಬರುವ ರೋಗ. ಹಿಡಿದ ಮರವನ್ನು ಗುಣಪಡಿಸುವ ಮದ್ದು ಇಲ್ಲ. ಅವನ ಅಪ್ಪ ನಮ್ಮನ್ನು ಸಾಲು ಸಾಲಾಗಿ ಕರೆದುಕೊಂಡು ಹೋದರು. "ಇದು ನನ್ನ ಅಪ್ಪ ನೆಟ್ಟದ್ದು. ಇದು ಇವ ಹುಟ್ಟಿದ ವರ್ಷದ್ದು. ಇದರಲ್ಲಿ ಒಂದು ಕಾಲದಲ್ಲಿ ಹೀಗೆ ಗೊನೆ" ಎಂದು ಎರಡೂ ಕೈ ಅಗಲಿಸಿ ತೋರಿಸಿದರು. ಅವರಿಗೆ ಪ್ರತಿ ಮರದ ಗುರುತಿತ್ತು. ಸುಳ್ಯದವ ಹಿಂದೆ ಏನೂ ಮಾತಾಡದೆ ಬರುತ್ತಿದ್ದ.

ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಮೂವರಲ್ಲಿ ಕೆಲಸ ಸಿಕ್ಕಿದ್ದು ಅವನಿಗೊಬ್ಬನಿಗೆ, ಬೆಂಗಳೂರಿನಲ್ಲಿ. ಅವನು ಹೋಗಲಿಲ್ಲ. ಸತ್ತ ಮರ ಕಡಿಸಿ ಬೇರೆ ಗಿಡ ಹಾಕಬೇಕು, ಅಪ್ಪನೊಬ್ಬನಿಂದ ಆಗುವುದಿಲ್ಲ ಎಂದ. ನಾನು ಬಹಳ ಬೈದೆ. "ಇದು ಕ್ಲಾಸಿಕ್ ಮೋಡ್ ಮಾರಾಯ, ಈ ಆಫರ್ ಇನ್ನೊಮ್ಮೆ ಬರ್ಲಿಕ್ಕಿಲ್ಲ" ಎಂದೆ. ಜಾಣ ಮಾತು ಎಂದುಕೊಂಡಿದ್ದೆ. ಅವನು ಶಾಂತವಾಗಿ, "ಅದು ನಂಗೆ ಗೊತ್ತುಂಟು. ಕದ್ದು ಆಫ್ ಮಾಡುವವ ನೀನು, ನಾನಲ್ಲ" ಎಂದ. ಅವನಿಗೆ ಗೊತ್ತಿತ್ತು! ಆಮೇಲೆ ಆರು ತಿಂಗಳು ನಾವು ಮಾತಾಡಲಿಲ್ಲ. ಸಿಟ್ಟು ಅವನು ಕೆಲಸ ಬಿಟ್ಟದ್ದಕ್ಕೆ ಎಂದು ಆಗ ಅಂದುಕೊಂಡಿದ್ದೆ. ಅದರಲ್ಲಿ ಅರ್ಧ, ಅವನಿಗೆ ಸಿಕ್ಕಿದ್ದು ನನಗೆ ಸಿಗಲಿಲ್ಲ ಎಂಬುದಕ್ಕೆ.

ಆ ಆರು ತಿಂಗಳಲ್ಲಿ ನಾಲ್ಕು ಇಂಟರ್‌ವ್ಯೂ ಕೊಟ್ಟೆ. ಒಂದರಲ್ಲಿ ಹವ್ಯಾಸ ಏನೆಂದು ಕೇಳಿದರು. ಗೇಮ್ಸ್ ಎಂದೆ. "ಪಬ್ಜಿಯಾ?" ಎಂದರು. ಅಲ್ಲ ಸರ್ ಎಂದು ಇಷ್ಟು ಹೊತ್ತು ನಿಮಗೆ ಹೇಳಿದ್ದನ್ನೆಲ್ಲ ಅವರಿಗೂ ಹೇಳತೊಡಗಿದೆ. ಮಾರ್ಥ್ ಮುಗಿದು ಸಿಗರ್ಡ್‌ನ ಹತ್ತಿರ ಬರುವಾಗ ಅವರು ವಾಚ್ ನೋಡಿದರು. ಕೆಲಸ ಸಿಗಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

3ಡಿಎಸ್ ಸುಳ್ಯದವನ ಹತ್ತಿರವೇ ಉಳಿದಿತ್ತು. ನಿಂಟೆಂಡೊ ಆ ಯಂತ್ರ ಮಾಡುವುದನ್ನು 2020ರಲ್ಲೇ ನಿಲ್ಲಿಸಿದೆ, ಅದರ ಆನ್‌ಲೈನ್ ಅಂಗಡಿಯೂ 2023ರಲ್ಲಿ ಮುಚ್ಚಿತು. ಹಾಳಾದರೆ ಹೊಸದು ಸಿಗುವುದಿಲ್ಲ. ಕೇಳಲು ಮರ್ಯಾದೆ ಅಡ್ಡ ಬಂತು. ಈ ಸಲ ಜೂನ್‌ನಲ್ಲಿ ಒಂದು ದಿನ ಫೋನ್ ಬಂತು. ಇಂಥ ಬಸ್ಸಿನ ಕಂಡಕ್ಟರ್ ಹತ್ತಿರ ಒಂದು ಕಟ್ಟು ಕೊಟ್ಟಿದ್ದೇನೆ, ಸ್ಟ್ಯಾಂಡಿಗೆ ಹೋಗಿ ತೆಗೆದುಕೊ ಎಂದಷ್ಟೇ ಹೇಳಿ ಇಟ್ಟ. ಕಟ್ಟಿನಲ್ಲಿ ಪ್ಲಾಸ್ಟಿಕ್ ಸುತ್ತಿದ 3ಡಿಎಸ್, ಚಾರ್ಜರು, ಮತ್ತು ಅವನ ತೋಟದ ನಾಲ್ಕು ಜಾಯಿಕಾಯಿ.

ಮನೆಗೆ ಬಂದು ಆನ್ ಮಾಡಿದೆ. ನಮ್ಮ ಅದೇ ಆಟ, ಡೊನೆಲ್ ಇಲ್ಲದ್ದು. ಅವನು ರಾತ್ರಿ ರಾತ್ರಿ ಕೂತು ಮುಂದೆ ಆಡಿದ್ದ. ಪಟ್ಟಿ ನೋಡಿದೆ, ಇನ್ನೂ ನಾಲ್ವರು ಕಡಿಮೆ. ಒಬ್ಬರನ್ನೂ ಆಫ್ ಮಾಡಿ ವಾಪಸ್ ತಂದಿರಲಿಲ್ಲ. ಕೊನೆಯ ಅಧ್ಯಾಯದ ಬಾಗಿಲಲ್ಲಿ ಸೇವ್ ಮಾಡಿ ನಿಲ್ಲಿಸಿದ್ದ. ನಾನು ಫೋನ್ ಮಾಡಿ, "ಕೊನೆಯದ್ದು ಯಾಕೆ ಬಿಟ್ಟದ್ದು?" ಎಂದೆ.

"ಅದು ಮೂವರು ಸೇರಿ ಆಡ್ಬೇಕಲ್ಲ. ಭಾನುವಾರ ಬನ್ನಿ" ಎಂದ.

ಕಡಬದವ ಪುತ್ತೂರಿಗೆ ಬಂದು, ಅಲ್ಲಿಂದ ಇಬ್ಬರೂ ಸುಳ್ಯದ ಬಸ್ಸು ಹತ್ತಿ ಹೋದೆವು. ಮಳೆ. ತೋಟದ ಒಂದು ಬದಿ ಪೂರ್ತಿ ಬೋಳಾಗಿತ್ತು, ಕಡಿದ ಬುಡಗಳ ನಡುವೆ ಮೊಣಕಾಲೆತ್ತರದ ಕಾಫಿ ಗಿಡಗಳು. ಜಗಲಿಯಲ್ಲಿ ಕೂತು ಆಡತೊಡಗಿದೆವು. ಸುಳ್ಯದವ ಹೇಳಿದ, ನಾನು ಒತ್ತಿದೆ, ಕಡಬದವ ಶೇಕಡಾವಾರು ಓದಿದ. ಯಾರನ್ನೂ ಕಳೆದುಕೊಳ್ಳಲಿಲ್ಲ. ಕೊನೆಯಲ್ಲಿ ಆಟ ಒಂದು ಪ್ರಶ್ನೆ ಕೇಳುತ್ತದೆ. ಆ ದುಷ್ಟ ಶಕ್ತಿಗೆ ಕೊನೆಯ ಏಟು ರಾಜಕುಮಾರ ಹಾಕಿದರೆ ಅದು ಸಾವಿರ ವರ್ಷ ಮಲಗುತ್ತದೆ, ಆಮೇಲೆ ಮತ್ತೆ ಏಳುತ್ತದೆ. ನೀವೇ ಹಾಕಿದರೆ ಅದು ಶಾಶ್ವತವಾಗಿ ಹೋಗುತ್ತದೆ, ಅದರ ಜತೆ ನೀವೂ ಹೋಗಬಹುದು.

"ಸಾವಿರ ವರ್ಷ ಸಾಕು ಮಾರಾಯ, ಆಮೇಲೆ ಇದ್ದವರು ನೋಡಿಕೊಳ್ತಾರೆ" ಎಂದ ಕಡಬದವ. ಸುಳ್ಯದವ ತಲೆ ಅಲ್ಲಾಡಿಸಿದ. ಇಬ್ಬರೂ ನನ್ನ ಮುಖ ನೋಡಿದರು. ಅವನ ಅಪ್ಪ ಒದ್ದೆ ಟವೆಲ್ ಹೆಗಲಿಗೆ ಹಾಕಿಕೊಂಡು ಬಂದು, "ಎಂತದಾ, ಅಷ್ಟು ಹೊತ್ತು ಅದರಲ್ಲಿ?" ಎಂದು ಬಗ್ಗಿ ನೋಡಿದರು. ನಾನು ಗುಂಡಿಯ ಮೇಲೆ ಬೆರಳಿಟ್ಟೆ. ಅಷ್ಟರಲ್ಲಿ ಯಂತ್ರದ ಮೂಲೆಯ ಕೆಂಪು ದೀಪ ಮಿನುಗತೊಡಗಿತು. ಚಾರ್ಜರು ಪುತ್ತೂರಿನಲ್ಲಿ, ನನ್ನ ಮೇಜಿನ ಮೇಲೆ ಇತ್ತು.